ಬಾಯಿಗೆ ಬಂದ ಹಾಗೆ ಉಜ್ಜಿದರೆ

ನಮ್ಮ ಗುಂಪಿನಲ್ಲಿ ಯಾರಿಗೂ ಹೆಸರಿಲ್ಲ. ಊದುವ ಸ್ಯಾಕ್ಸೊಫೋನಿನ ಬಗೆಯೇ ಹೆಸರು. ನಾನು ಆಲ್ಟೋ. ಇನ್ನಿಬ್ಬರು ಟೆನರ್ ಮತ್ತು ಬ್ಯಾರಿಟೋನ್. ಮೊನ್ನೆ ನಾನು ಬಾಯಲ್ಲಿಟ್ಟು ಊದುವ ಮೌತ್‌ಪೀಸ್ ಬಿಚ್ಚಿ ಮೇಜಿನ ಮೇಲಿಟ್ಟೆ.

"ಇದೇನೋ, ಇಲಿ ಕಡಿದಿದೆಯಾ?" ಎಂದ ಟೆನರ್.

ಇಲಿಯಲ್ಲ, ನನ್ನ ಹಲ್ಲೇ. ಮೌತ್‌ಪೀಸಿನ ಬೆನ್ನ ಮೇಲೆ ಮುಂದಿನ ಎರಡು ಹಲ್ಲಿಗೂ ಒಂದೊಂದು ಗುಳಿ. ಊದಿದಾಗಲೆಲ್ಲ ತಲೆಬುರುಡೆಯೆಲ್ಲ ಗುಂಯ್ ಅನ್ನುತ್ತದೆ. ಕೆಳತುಟಿಯ ಒಳಗಡೆ ಹಲ್ಲಿನ ಅಚ್ಚು ಬೇರೆ.

"ನನ್ನ ಬಾಯಿಗೆ ಇದು ದಪ್ಪ ಆಯ್ತು ಕಣೋ. ಸ್ವಲ್ಪ ಉಜ್ಜಿ ತೆಳ್ಳಗೆ ಮಾಡೋಣ ಅಂತಿದ್ದೀನಿ."

ಉಜ್ಜೋದು ಅಂದ ತಕ್ಷಣ ಟೆನರ್ ಕಣ್ಣರಳಿತು. ಅವನ ಚೀಲದಲ್ಲಿ ರೀಡಿಗಿಂತ (ಮೌತ್‌ಪೀಸಿಗೆ ಕಟ್ಟುವ, ಊದಿದರೆ ಅದುರುವ ತೆಳು ಪಟ್ಟಿ) ಉಪ್ಪುಕಾಗದವೇ ಜಾಸ್ತಿ.

"ಎಲ್ಲಿ ಉಜ್ತೀಯ?"

"ತುದೀಲಿ."

"ಕೈ ಮುಗೀತೀನಿ, ಅದೊಂದನ್ನ ಮುಟ್ಟಬೇಡ!"

ಅನುಭವದ ಮಾತು. ಆಲ್ಟೋದಲ್ಲಿ ತುದಿಗೂ ರೀಡಿಗೂ ನಡುವೆ ಇರುವ ಸಂದು 2 ಮಿಲಿಮೀಟರ್ ಆಸುಪಾಸು. ಅದು ಕೂದಲೆಳೆಯಷ್ಟು ಬದಲಾದರೂ ಊದುವವನಿಗೆ ಗೊತ್ತಾಗುತ್ತದೆ. ಈ ಮಹಾಶಯ ತನ್ನ ಹಳೆಯ ಮೌತ್‌ಪೀಸಿನ ತುದಿಯ ಜೊತೆಗೆ ಎರಡು ಪಕ್ಕದ ಅಂಚುಗಳನ್ನೂ ಸವೆಸಿದ್ದ. ಒಂದು ತಗ್ಗು, ಒಂದು ಎತ್ತರ. ರೀಡ್ ಸಮನಾಗಿ ಮುಚ್ಚಿಕೊಳ್ಳುವುದೇ ಇಲ್ಲ. ಮೆಲ್ಲಗೆ ಊದಿದರೂ ಕೀಂಯ್, ಜೋರಾಗಿ ಊದಿದರೂ ಕೀಂಯ್. ಪಕ್ಕದ ಮನೆಯವರು ಬಾಗಿಲ ತಿರುಗಣಿಗೆ ಅಂತ ಎಣ್ಣೆ ತಂದುಕೊಟ್ಟರಂತೆ.

"ಮತ್ತೆ ಎಲ್ಲಿ ಉಜ್ಜಲಿ?"

"ಹಲ್ಲು ಕೂರೋ ಬೆನ್ನ ಮೇಲೆ, ಹೊರಗಡೆ ಮಾತ್ರ. ಅದೂ ನೋಡಿಕೊಂಡು. ತುದಿ ಕಡೆ ಹೋದ ಹಾಗೆ ಗೋಡೆ ತೆಳ್ಳಗಾಗುತ್ತೆ. ತೂತು ಬಿತ್ತೋ, ಕೊಳಲು ಅಂತ ಇಟ್ಕೋಬೇಕು ಅಷ್ಟೆ. ಕಾಗದ ನೀರಲ್ಲಿ ಅದ್ದಿ ಉಜ್ಜು, ಪುಡಿ ಮೂಗಿಗೆ ಹೋಗಬಾರದು."

ನಮ್ಮ ಮೌತ್‌ಪೀಸುಗಳು ಎಬೊನೈಟಿನವು, ಅಂದರೆ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರ್. ಉಜ್ಜಿದರೆ ಆ ವಾಸನೆ ಏಳುತ್ತದೆ. ಟೆನರ್ ಮನೆಯೊಳಗೇ ಕೂತು ಒಣ ಉಜ್ಜಿದ್ದ. ಮನೆಯವರೆಲ್ಲ 'ಯಾರದು' ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಇವನು ಬಾಯಿ ಬಿಡಲಿಲ್ಲ.

ಅಷ್ಟು ಹೊತ್ತು ಸುಮ್ನೆ ಕೂತಿದ್ದ ಬ್ಯಾರಿಟೋನ್ ಜೇಬಿನಿಂದ ಪುಟ್ಟ ರಬ್ಬರ್ ಪ್ಯಾಚ್ ತೆಗೆದ. 0.8 ಮಿಲಿಮೀಟರ್ ದಪ್ಪ, ಹಿಂದೆ ಅಂಟು.

"ಮೊದಲು ಇದನ್ನ ಅಂಟಿಸು. ಸರಿಹೋಗದಿದ್ರೆ ಕಿತ್ತು ಹಾಕಬಹುದು. ಉಜ್ಜಿದ್ದನ್ನ ವಾಪಸ್ ಅಂಟಿಸೋಕಾಗುತ್ತಾ?"

ಅಂಟಿಸಿ ಊದಿದೆ. ಹಲ್ಲಿಗೆ ಹಾಸಿಗೆ ಸಿಕ್ಕ ಹಾಗಾಯ್ತು. ಗುಂಯ್ ಇಲ್ಲ. ಆದರೆ ನಾದವೂ ಮಂಕಾದ ಹಾಗಿದೆಯಲ್ಲ?

"ಹಲ್ಲಿಂದ ಮೂಳೆಗೆ ಹೋಗ್ತಿದ್ದ ಸದ್ದು ಕಮ್ಮಿಯಾಗಿದೆ, ಅದಕ್ಕೆ ನಿನಗೆ ಹಾಗೆ," ಎಂದ ಬ್ಯಾರಿಟೋನ್. "ನಮಗೆ ಮಾತ್ರ ಅದೇ ಹಳೇ ಕರ್ಕಶ."

ಆಮೇಲೆ ನನ್ನ ಹಿಂದೆ ಬಂದು ನಿಂತು ಸ್ಯಾಕ್ಸೊಫೋನ್ ನೇತುಹಾಕುವ ಕೊರಳ ಪಟ್ಟಿಯನ್ನು ಎರಡು ಇಂಚು ಮೇಲಕ್ಕೆ ಎಳೆದ. ಬಗ್ಗಿಸಿದ್ದ ಕತ್ತು ತಾನಾಗಿ ನೆಟ್ಟಗಾಯಿತು. ಪಟ್ಟಿ ಕೆಳಗಿದ್ದದ್ದರಿಂದ ಇಷ್ಟು ದಿನ ನಾನು ಬಲಗೈ ಹೆಬ್ಬೆರಳಿನಿಂದ ಇಡೀ ಸ್ಯಾಕ್ಸೊಫೋನನ್ನು ಮೇಲಕ್ಕೆತ್ತಿ ಹಲ್ಲಿಗೆ ಒತ್ತುತ್ತಿದ್ದೆ. ಗುಳಿ ಬೀಳದೆ ಇನ್ನೇನಾಗುತ್ತದೆ!

ಟೆನರ್ ಮುಖ ಸಪ್ಪಗೆ ಮಾಡಿಕೊಂಡು ಉಪ್ಪುಕಾಗದ ಮಡಚಿದ. ಚೀಲಕ್ಕೆ ಹಾಕುವಷ್ಟರಲ್ಲಿ ತಡೆದು, ಬ್ಯಾರಿಟೋನ್ ಕಡೆ ತಿರುಗಿದ.

"ನಿನ್ನ ಮೌತ್‌ಪೀಸ್ ಸ್ವಲ್ಪ ತೋರಿಸು, ನೋಡೋಣ."