ನಿಯಾನ್ ಮೃಗದ ಕಥೆ ನಿಜಕ್ಕೂ ಅಷ್ಟು ಹಳೆಯದೇ?

ಪ್ರಶ್ನೆ (ಕಥಾಸಕ್ತ):
ಚೀನೀಯರ ಹೊಸ ವರ್ಷದ ಕುರಿತ ಬರಹಗಳಲ್ಲಿ ಒಂದು ಕಥೆ ತಪ್ಪದೆ ಎದುರಾಗುತ್ತದೆ. ವರ್ಷದ ಕೊನೆಯ ರಾತ್ರಿ ಕಡಲಿನಿಂದಲೋ ಬೆಟ್ಟದಿಂದಲೋ ನಿಯಾನ್ ಎಂಬ ಮೃಗವು ಇಳಿದು ಬಂದು ಜನರನ್ನೂ ಜಾನುವಾರುಗಳನ್ನೂ ತಿನ್ನುತ್ತಿತ್ತಂತೆ. ಅದಕ್ಕೆ ಕೆಂಪು ಬಣ್ಣ, ಬೆಂಕಿ, ದೊಡ್ಡ ಸದ್ದು ಎಂದರೆ ಭಯವೆಂದು ತಿಳಿದ ಮೇಲೆ ಕೆಂಪು ಕಾಗದ ಅಂಟಿಸುವ, ಪಟಾಕಿ ಸಿಡಿಸುವ ರೂಢಿ ಬಂದಿತಂತೆ. ಈ ಕಥೆ ಪ್ರಾಚೀನ ಗ್ರಂಥಗಳಲ್ಲಿದೆಯೇ? ಸಿಂಹ ನೃತ್ಯದಲ್ಲಿ ಕುಣಿಯುವುದೂ ಇದೇ ಮೃಗವೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಹಳೆಯ ಓದುಗ):
ಆಚರಣೆ ಹಳೆಯದು, ಮೃಗ ಹೊಸದು ಎಂಬುದು ನನ್ನ ಅಭಿಪ್ರಾಯ. ನಿಯಾನ್ ಅನ್ನು ಪ್ರಾಣಿಯೆಂದು ಹೇಳುವ ಲಿಖಿತ ಉಲ್ಲೇಖಗಳು ಸಿಗುವುದು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಿಂದ ಈಚೆಗೆ ಮಾತ್ರ. ಆದರೆ ಆರನೆಯ ಶತಮಾನದಲ್ಲಿ ಝೊಂಗ್ ಲಿನ್ ಎಂಬಾತ ಯಾಂಗ್‌ತ್ಸೆ ನದಿಯ ನಡುಹರಿವಿನ ಸೀಮೆಯ ಹಬ್ಬಗಳನ್ನು ದಾಖಲಿಸುತ್ತ, ವರ್ಷದ ಮೊದಲ ದಿನ ಕೋಳಿ ಕೂಗುವ ಹೊತ್ತಿಗೆ ಎದ್ದ ಜನರು ಮನೆಯ ಮುಂದೆ ಬಿದಿರನ್ನು ಸಿಡಿಸುತ್ತಿದ್ದರೆಂದು ಬರೆದಿದ್ದಾನೆ. ಹಸಿ ಬಿದಿರು ಬೆಂಕಿಗೆ ಬಿದ್ದರೆ ಗೆಣ್ಣುಗಳ ನಡುವಿನ ಗಾಳಿಯೂ ಆವಿಯೂ ಉಬ್ಬಿ ಢಮ್ಮನೆ ಒಡೆಯುತ್ತದೆ. ಮದ್ದಿನ ಪಟಾಕಿ ಬಂದ ಮೇಲೂ ಚೀನೀ ಭಾಷೆಯಲ್ಲಿ ಅದಕ್ಕೆ 'ಸಿಡಿಯುವ ಬಿದಿರು' ಎಂಬ ಹೆಸರೇ ಉಳಿದುಕೊಂಡಿದೆ. ಆ ಸದ್ದಿಗೆ ಓಡಬೇಕಾಗಿದ್ದದ್ದು ನಿಯಾನ್ ಅಲ್ಲ, ಶಾನ್‌ಶಿಯಾವ್ ಎಂಬ ಬೆಟ್ಟದ ಭೂತ. ಹಳೆಯ ವರ್ಣನೆಯಂತೆ ಅದು ಒಂದು ಅಡಿಗಿಂತ ತುಸು ಎತ್ತರದ, ಒಂಟಿ ಕಾಲಿನ, ಮನುಷ್ಯರಿಗೆ ಅಂಜದ ಜೀವಿ. ಅದನ್ನು ಕೆಣಕಿದವರಿಗೆ ಚಳಿಜ್ವರ ಹಿಡಿಯುತ್ತಿತ್ತು. (ಊರನ್ನೇ ನುಂಗುವ ಮೃಗಕ್ಕಿಂತ ಈ ಕುಳ್ಳ ಭೂತವೇ ನನಗೆ ಹೆಚ್ಚು ನಂಬುವಂತೆ ತೋರುತ್ತದೆ.)

ಇನ್ನು ಪದದ ವಿಚಾರ. 'ನಿಯಾನ್' ಎಂದರೆ ವರ್ಷ. ಆ ಅಕ್ಷರದ ಅತಿ ಹಳೆಯ ರೂಪದಲ್ಲಿ ಒಬ್ಬ ಮನುಷ್ಯನ ಮೇಲೆ ತೆನೆಯ ಚಿತ್ರವಿದೆ, ಸುಮಾರು ಕ್ರಿ.ಶ. 100ರಲ್ಲಿ ಶು ಶೆನ್ ರಚಿಸಿದ ನಿಘಂಟು 'ಧಾನ್ಯ ಮಾಗುವುದು' ಎಂದೇ ಅದಕ್ಕೆ ಅರ್ಥ ಕೊಡುತ್ತದೆ. ಹಬ್ಬ ಆಚರಿಸುವುದಕ್ಕೆ 'ಗುವೊ ನಿಯಾನ್', ಅಂದರೆ ವರ್ಷವನ್ನು ದಾಟುವುದು, ಎನ್ನುತ್ತಾರೆ. ದಾಟಬೇಕಾದದ್ದು ಯಾವುದೋ ಗಂಡಾಂತರವನ್ನೇ ಎಂದು ಯಾರಿಗೋ ಹೊಳೆದಿರಬೇಕು. ಮೃಗ ಹುಟ್ಟಲು ಅಷ್ಟು ಸಾಕು.

ಉತ್ತರ (ಕುಣಿತಪ್ರಿಯ):
ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಹೆಸರೇ ಹೇಳುವಂತೆ ಅದು ಸಿಂಹ. ಚೀನಾದ ಕಾಡುಗಳಲ್ಲಿ ಸಿಂಹಗಳಿರಲಿಲ್ಲ. ಹಾನ್ ಅರಸರ ಕಾಲದಲ್ಲಿ ಪಶ್ಚಿಮದ ರಾಜ್ಯಗಳಿಂದ ಅವು ಕಾಣಿಕೆಯಾಗಿ ಬಂದವು. ಗುವಾಂಗ್‌ಡಾಂಗ್ ಕಡೆಯ ದಕ್ಷಿಣ ಶೈಲಿಯ ಸಿಂಹದ ತಲೆಗೆ ಒಂದು ಕೊಂಬಿರುವುದರಿಂದ ಅದನ್ನೇ ನಿಯಾನ್ ಎನ್ನುವವರಿದ್ದಾರೆ; ಸಿಂಹವೇ ನಿಯಾನ್ ಅನ್ನು ಓಡಿಸಿತೆಂದು ಹೇಳುವವರೂ ಇದ್ದಾರೆ. ಆದರೆ ಹಳೆಯ ಓದುಗರ ಮಾತಿಗೆ ಒಂದು ತಕರಾರಿದೆ. ಬರಹದಲ್ಲಿ ಸಿಗದ ಕಥೆ ಬಾಯಲ್ಲೂ ಇರಲಿಲ್ಲವೆಂದು ಹೇಗೆ ಹೇಳುವುದು?

ಉತ್ತರ (ಹಳೆಯ ಓದುಗ):
ತಮ್ಮ ತಕರಾರು ನ್ಯಾಯವಾದದ್ದೇ. ಬಾಯಿಮಾತಿನ ಕಥೆ ಇರಲೇ ಇಲ್ಲವೆಂದು ನಾನು ಆಣೆ ಮಾಡಲಾರೆ. ಆದರೂ ಹಬ್ಬದ ಸಣ್ಣಪುಟ್ಟ ಪದ್ಧತಿಗಳನ್ನೂ ಬಿಡದೆ ಬರೆದಿಟ್ಟ ಲೇಖಕರು ಇಷ್ಟು ರೋಚಕವಾದ ಮೃಗವನ್ನು ಮಾತ್ರ ಶತಮಾನಗಟ್ಟಲೆ ಮರೆತರು ಎನ್ನುವುದು ಕಷ್ಟ.

ಮತ್ತೆ (ಕಥಾಸಕ್ತ):
ಇಬ್ಬರಿಗೂ ಕೃತಜ್ಞತೆಗಳು. ಮಕ್ಕಳಿಗೆ ಕೆಂಪು ಲಕೋಟೆಯಲ್ಲಿ ಹಣ ಕೊಡುವುದೂ ನಿಯಾನ್‌ಗೆ ಸಂಬಂಧಿಸಿದ್ದೇ?

ಉತ್ತರ (ಹಳೆಯ ಓದುಗ):
ಅಲ್ಲಿ ಬೇರೊಂದು ಭೂತ ಬರುತ್ತದೆ. ಮಲಗಿದ ಮಕ್ಕಳನ್ನು ಕಾಡುವ ಅದರ ಹೆಸರು 'ಸುಯ್'. ವಯಸ್ಸು, ವರ್ಷ ಎಂಬ ಅರ್ಥದ ಇನ್ನೊಂದು ಪದದ ಉಚ್ಚಾರವೂ 'ಸುಯ್' ಎಂದೇ. ಹಣದ ಹೆಸರು 'ಯಾಸುಯ್‌ಚಿಯೆನ್', ಅಂದರೆ 'ಸುಯ್' ಅನ್ನು ಅದುಮಿಡುವ ಹಣ. ಅದುಮುವುದು ಭೂತವನ್ನೋ ವರ್ಷವನ್ನೋ ಎಂಬುದನ್ನು ಕಿವಿಯಿಂದ ನಿರ್ಧರಿಸಲಾಗದು. ಮೊದಲು ಲಕೋಟೆಯೂ ಇರಲಿಲ್ಲ. ಚಿಂಗ್ ಆಳ್ವಿಕೆಯ ಕೊನೆಯ ಕಾಲದ ಬೀಜಿಂಗ್‌ನಲ್ಲಿ ತೂತಿನ ನಾಣ್ಯಗಳನ್ನು ಬಣ್ಣದ ದಾರದಲ್ಲಿ ಪೋಣಿಸಿ, ಡ್ರ್ಯಾಗನ್ ಆಕಾರಕ್ಕೆ ಹೆಣೆದು, ಮಂಚದ ಕಾಲ ಬಳಿ ಇಡುತ್ತಿದ್ದರು.