ತಾಂಬೂಲದ ಚೀಲಕ್ಕೂ ಕಬಡ್ಡಿ ಜರ್ಸಿಗೂ ಒಂದೇ ಲೇಸರ್ ಮಷಿನ್ ಸಾಕಾ?

ದಾವಣಗೆರೆಯಲ್ಲಿ ಐದು ಹೊಲಿಗೆ ಮಷಿನ್ ಇಟ್ಟುಕೊಂಡಿದ್ದೇನೆ. ಮದುವೆ ಸೀಸನ್ನಿನಲ್ಲಿ ಕೋರಾ ಬಟ್ಟೆಯ ತಾಂಬೂಲದ ಚೀಲ, ಒಂದೊಂದು ಆರ್ಡರ್ 300ರಿಂದ 500. ಉಳಿದ ದಿನ ಹಳ್ಳಿ ಹುಡುಗರ ಕಬಡ್ಡಿ, ವಾಲಿಬಾಲ್ ಜರ್ಸಿ, ಒಂದು ಟೀಮಿಗೆ ಹೆಚ್ಚೆಂದರೆ ಹದಿನೈದು. ಕಟಿಂಗ್ ಕತ್ತರಿಯಲ್ಲೇ, ಪ್ರಿಂಟ್ ಹೊರಗಡೆ. ಈಗ ಸಾಲ ಮಾಡಿ ಕಂಪ್ಯೂಟರಿನಿಂದ ಓಡುವ ಲೇಸರ್ ಕಟರ್ ತರಬೇಕು ಅಂತಿದ್ದೇನೆ. ಮಾರುವವರು ಎಲ್ಲಾ ಬಟ್ಟೆಗೂ ಆಗುತ್ತೆ, ಪ್ರಿಂಟಿಗೆ ಡಿಟಿಎಫ್ (ಫಿಲ್ಮ್ ಮೇಲೆ ಚಿತ್ರ ಮುದ್ರಿಸಿ ಬಟ್ಟೆಗೆ ಒತ್ತುವ ಮಷಿನ್) ಒಂದಿದ್ದರೆ ಸಾಕು ಅಂತಾರೆ. ಬಳಸಿದವರು ನಿಮ್ಮ ಅನುಭವ ಹೇಳಿ.

ಪೀಣ್ಯ, ಕಟಿಂಗ್ ಮಾಸ್ಟರ್

ಅಕ್ಕಾ, ಮಷಿನ್ ನೋಡುವ ಮೊದಲು ಬಟ್ಟೆಯಿಂದ ಒಂದು ನೂಲು ಎಳೆದು ಕಡ್ಡಿ ಗೀರಿ. ಕಾಗದ ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ ಉಳಿದರೆ ಹತ್ತಿ. ಮುದುಡಿ ಕರಗಿ, ತುದಿಯಲ್ಲಿ ಸಾಸಿವೆಯಂಥ ಗಟ್ಟಿ ಗುಂಡು ಕಟ್ಟಿದರೆ ಪಾಲಿಯೆಸ್ಟರ್. ಲೇಸರ್ ಮಾಡುವುದೂ ಇಷ್ಟೇ, ಸುಡುವುದು. ಪಾಲಿಯೆಸ್ಟರ್ ಅಂಚು ಕರಗಿ ತಾನೇ ಮುಚ್ಚಿಕೊಳ್ಳುತ್ತದೆ, ನೂಲು ಬಿಡುವುದಿಲ್ಲ. ನಿಮ್ಮ ಕೋರಾ ಬಟ್ಟೆಯಾದರೆ ಅಂಚು ಕಂದಾಗುತ್ತದೆ, ಸುಟ್ಟ ವಾಸನೆ ಒಗೆಯುವವರೆಗೂ ಹೋಗುವುದಿಲ್ಲ. ತಾಂಬೂಲದ ಚೀಲವನ್ನು ಒಗೆದು ಕೊಡುವವರು ಯಾರು?

ಇನ್ನೊಂದು ಲೆಕ್ಕ. ಲೇಸರ್ ಕತ್ತರಿಸುವುದು ಒಂದೇ ಪದರ. ಪಾಲಿಯೆಸ್ಟರ್ ನಾಲ್ಕು ಮಡಿಕೆ ಇಟ್ಟರೆ ನಾಲ್ಕೂ ಅಂಚಿನಲ್ಲಿ ಅಂಟಿಕೊಂಡು ಕೂರುತ್ತವೆ. ನಿಮ್ಮ ಚೀಲವೋ ನೆಟ್ಟಗೆ ಚೌಕ. ಟೇಬಲ್ ಮೇಲೆ 50 ಮಡಿಕೆ ಲೇ ಹಾಕಿ, ಮೇಲೆ ಮಾರ್ಕರ್, ಅಂದರೆ ಅಳತೆಯ ಗೆರೆ ಎಳೆದ ಹಾಳೆ ಇಟ್ಟು, ಕರೆಂಟಿನ ಸ್ಟ್ರೈಟ್ ನೈಫ್ (ನೆಟ್ಟನೆ ಬ್ಲೇಡು ಮೇಲೆ ಕೆಳಗೆ ಓಡುವ, ಕೈಯಲ್ಲಿ ತಳ್ಳುವ ಮಷಿನ್) ಓಡಿಸಿದರೆ 500 ಚೀಲದ ಬಟ್ಟೆ ಮಧ್ಯಾಹ್ನದ ಊಟದೊಳಗೆ ಮುಗಿಯುತ್ತದೆ. ಇದಕ್ಕೆ ಕಂಪ್ಯೂಟರೇ ಬೇಡ.

ನಾನು ಮೊದಲಿದ್ದ ಎಕ್ಸ್‌ಪೋರ್ಟ್ ಫ್ಯಾಕ್ಟರಿಯಲ್ಲಿ ಬ್ಲೇಡಿನದೇ ಕಂಪ್ಯೂಟರ್ ಕಟರ್ ಇತ್ತು. ಯಾವ ಕಂಪನಿಯದಾದರೂ ನಾವು ಕರೆಯುತ್ತಿದ್ದುದು 'ಗರ್ಬರ್' ಅಂತಲೇ. ಕೆಳಗೆ ಬ್ರಷ್ಷಿನಂಥ ಹಾಸು, ಲೇ ಮೇಲೆ ಪ್ಲಾಸ್ಟಿಕ್ ಹಾಳೆ. ಗಾಳಿ ಎಳೆದ ಕೂಡಲೇ ಉಬ್ಬಿದ ಬಟ್ಟೆಯ ರಾಶಿ ಕಣ್ಣೆದುರೇ ಕುಗ್ಗಿ ಹಲಗೆಯಂತಾಗುತ್ತಿತ್ತು. ಆಮೇಲೆ ಬ್ಲೇಡ್ ಮೇಲೆ ಕೆಳಗೆ ಕುಣಿಯುತ್ತಾ ಹೋಗುವುದು. ಹತ್ತಿಗೂ ಸರಿ, ಪಾಲಿಯೆಸ್ಟರಿಗೂ ಸರಿ. ಆದರೆ ಅದು ದಿನಕ್ಕೆ ಸಾವಿರಗಟ್ಟಲೆ ಪೀಸ್ ಇರುವವರ ಆಟ, ನಮ್ಮ ನಿಮ್ಮದಲ್ಲ.

ಹುಬ್ಬಳ್ಳಿ, ಪ್ರಿಂಟಿಂಗ್

ಅಕ್ಕಾರ, 500 ಚೀಲಕ್ಕ ಡಿಟಿಎಫ್ ಹಚ್ಚಬ್ಯಾಡ್ರಿ. ಅದರಾಗ ಚಿತ್ರ ಮೊದಲ ಫಿಲ್ಮ್ ಮ್ಯಾಲ ಬೀಳತೈತಿ, ಅದಕ್ಕ ಅಂಟಿನ ಪುಡಿ ಉದುರಿಸಿ, ಕಾಯಿಸಿ, ಬಟ್ಟಿಗೆ ಒತ್ತೂದು. ಬಣ್ಣ ಬಟ್ಟಿಯೊಳಗ ಇಳಿಯೂದಿಲ್ಲ, ಮ್ಯಾಲ ರಬ್ಬರ್ ಪಟ್ಟಿಗತೆ ಕುಂತಿರತೈತಿ. ಹತ್ತು ಪೀಸ್, ಹತ್ತೂ ಬ್ಯಾರೆ ಬ್ಯಾರೆ ಹೆಸರು, ಫೋಟೋ ಅಂದ್ರ ಅದರಂಥಾದ್ದು ಇಲ್ಲ. ಆದ್ರ ಒಂದ ಬಣ್ಣದ ಗಣಪ್ಪ, ಕೆಳಗ ಮದುಮಕ್ಕಳ ಹೆಸರು, ತಾರೀಖು ಅಂದ್ರ ಸ್ಕ್ರೀನ್ ಪ್ರಿಂಟ್ ಛಲೋ. ಸ್ಕ್ರೀನ್ ಮಾಡೂ ತ್ರಾಸು 50ಕ್ಕೂ ಅಷ್ಟ, 500ಕ್ಕೂ ಅಷ್ಟ. ಬಣ್ಣ ನಾಕಾದ್ರ ಸ್ಕ್ರೀನೂ ನಾಕು, ಅದೊಂದು ನೆನಪಿರ್ಲಿ. ಬ್ಯಾಸಗ್ಯಾಗ ನೀರಿನ ಇಂಕ್ ಜಾಳಿಗ್ಯಾಗ ಒಣಗಿ ಕುಂಡ್ರತೈತಿ, ನಡುವ ಚಹಾಕ್ಕ ಹೋಗೂ ಹಂಗಿಲ್ಲ!

ಇನ್ನ ವಿನೈಲ್ ಹಾಳಿಯಾಗ ಅಕ್ಷರ ಕತ್ತರಸೂ ಕಟಿಂಗ್ ಪ್ಲಾಟರ್ ತಗೊಳ್ರಿ ಅಂತ ಯಾರರೆ ಹೇಳಿದ್ರ, ಮೊದಲ 'ಲಕ್ಷ್ಮೀ' ಅಂತ ಸಣ್ಣ ಅಕ್ಷರದಾಗ ಕಟ್ ಮಾಡಿ ತೋರಸ್ರಿ ಅನ್ರಿ. ಸುತ್ತಲಿನ ವಿನೈಲ್ ಬಿಡಸೂವಾಗ ಒತ್ತಕ್ಷರ ಮೊದಲ ಕಿತ್ತು ಬರತಾವ. ನುಡಿ ಫಾಂಟಿನಾಗ ಅಕ್ಷರದ ತುಂಡುಗೋಳು ಒಂದರ ಮ್ಯಾಲೊಂದು ಕುಂತಿರತಾವ. ಡಿಸೈನ್ ಮಾಡೂ ಕೋರೆಲ್ ಸಾಫ್ಟ್‌ವೇರ್‌ನಾಗ ಅವನ್ನ ಕೂಡಿಸಿ ಒಂದ ಮಾಡದ (ವೆಲ್ಡ್) ಕಳಿಸಿದ್ರ ಪ್ಲಾಟರ್ ಬ್ಲೇಡು ಅಕ್ಷರದ ಹೊಟ್ಟಿ ಸೀಳಿಕೊಂಡ ಹೊಂಟಬಿಡತೈತಿ. ನಂದು ಹಿಂಗ ಒಂದು ಇಡೀ ಟೀಮಿನ ಹೆಸರು ಕೆಟ್ಟಾವ.

ಉಡುಪಿ, ಜರ್ಸಿ ಯೂನಿಟ್

ಚೀಲದ ವಿಷಯದಲ್ಲಿ ಮಾಸ್ಟರ್ ಹೇಳಿದ್ದು ಸರಿ, ಆದರೆ ಲೇಸರ್ ಬೇಡವೇ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಜರ್ಸಿಗೆ ನಮ್ಮದು ಸಬ್ಲಿಮೇಶನ್. ಕಾಗದದ ಮೇಲಿನ ಇಂಕು ಸುಮಾರು 200 ಡಿಗ್ರಿ ಬಿಸಿಗೆ ಆವಿಯಾಗಿ ಪಾಲಿಯೆಸ್ಟರ್ ನೂಲಿನೊಳಗೆ ಸೇರುತ್ತದೆ. ಮುಟ್ಟಿದರೆ ಪ್ರಿಂಟ್ ಇದೆ ಅಂತಲೇ ಗೊತ್ತಾಗುವುದಿಲ್ಲ, ಬೆವರು ಎಳೆಯುವ ತೂತುಗಳೂ ಮುಚ್ಚುವುದಿಲ್ಲ. ಹತ್ತಿಗೆ ಮಾಡಿದರೆ ಮೊದಲ ಒಗೆತಕ್ಕೇ ಕಥೆ ಮುಗಿಯಿತು. ಕಪ್ಪು ಬಟ್ಟೆಗೂ ಆಗದು, ಬಿಳಿ ಇಂಕೇ ಇಲ್ಲವಲ್ಲ. ಬಿಳಿ ಬೇಕಾದಲ್ಲಿ ಬಟ್ಟೆಯ ಬಿಳಿಯನ್ನೇ ಬಿಡಬೇಕು.

ನಾನು ಎಡವಿದ್ದು ಯಾವುದು ಮೊದಲು ಎಂಬಲ್ಲಿ. ಒಂದು ಕಬಡ್ಡಿ ಟೀಮಿನ ಹದಿನಾಲ್ಕು ಜರ್ಸಿಯನ್ನು ಅಚ್ಚುಕಟ್ಟಾಗಿ ಅಳತೆಗೆ ಲೇಸರಿನಲ್ಲಿ ಕತ್ತರಿಸಿ, ಆಮೇಲೆ ಪ್ರೆಸ್ಸಿಗೆ ಇಟ್ಟೆ. ಬಿಸಿಗೆ ಬಟ್ಟೆ ಕುಗ್ಗಿತು. ಹೊಲಿದು ನೋಡಿದರೆ ಎದೆ ಅರ್ಧ ಇಂಚು ಬಿಗಿ, ಬದಿಯ ಪಟ್ಟಿ ಮುಂದಿನದು ಹಿಂದಿನದಕ್ಕೆ ಕೂಡುವುದಿಲ್ಲ. ರೇಡರ್ ಹುಡುಗ ಹಾಕಿ ಕೈ ಎತ್ತಿದ, ಕಂಕುಳಲ್ಲಿ ಚರ್ ಅಂತು. ಈಗ ಥಾನಿನ ಮೇಲೆ ಮೊದಲು ಪ್ರಿಂಟ್, ತಣ್ಣಗಾದ ಮೇಲೆ ಕಟಿಂಗ್. ಕ್ಯಾಮೆರಾ ಇರುವ ಲೇಸರ್ ಪ್ರಿಂಟಿನ ಗುರುತು ಓದಿ, ಬಟ್ಟೆ ಎಷ್ಟು ಕುಗ್ಗಿದೆಯೋ ಅದೇ ಗೆರೆಯಲ್ಲಿ ಕತ್ತರಿಸುತ್ತದೆ. ಆ ಕುಗ್ಗುವ ಲೆಕ್ಕವನ್ನು ಡಿಸೈನಿನಲ್ಲೇ ಸೇರಿಸಿರುತ್ತೇವೆ. ತಗೊಳ್ಳುವುದಾದರೆ ಕ್ಯಾಮೆರಾ ಇರುವುದನ್ನೇ ತಗೊಳ್ಳಿ. ಕುತ್ತಿಗೆಯ ಹತ್ತಿರ ಮಾತ್ರ ಕರಗಿದ ಅಂಚು ಚುಚ್ಚುತ್ತದೆ, ಅಲ್ಲಿ ಪಟ್ಟಿ ಕೊಟ್ಟು ಹೊಲಿಯಿರಿ. ವಾರಕ್ಕೆ ಒಂದೆರಡೇ ಟೀಮು ಅಂದರೆ ನಾನಾದರೂ ಕತ್ತರಿಯಲ್ಲೇ ಮುಗಿಸುತ್ತೇನೆ.

ತುಮಕೂರು, ಬ್ಯಾಗ್ ಹೊಲಿಗೆ

ಒಂದೇ ಮಾತು. ಲೇಸರ್ ಬಂತು ಅಂತ ರೆಕ್ಸಿನ್ ಕತ್ತರಿಸಲು ಹೋಗಬೇಡಿ. ಅದರಲ್ಲಿ ಪಿವಿಸಿ ಇದ್ದರೆ ಸುಟ್ಟಾಗ ಬರುವ ಆಮ್ಲದ ಹೊಗೆ ಎದೆಗೂ ಕೆಟ್ಟದ್ದು, ಮಷಿನ್ನಿಗೂ ತುಕ್ಕು ಹಿಡಿಸುತ್ತದೆ. ಬಟ್ಟೆ ಕತ್ತರಿಸುವಾಗಲೂ ಮಷಿನ್ ಬಿಟ್ಟು ಆಚೆ ಹೋಗಬೇಡಿ, ಹತ್ತಿಯ ಧೂಳಿಗೆ ಕಿಡಿ ಹತ್ತಲು ಒಂದು ಕ್ಷಣ ಸಾಕು.

ದಾವಣಗೆರೆ, ಪ್ರಶ್ನೆ ಕೇಳಿದವಳು

ರಾತ್ರಿ ಊಟ ಆದಮೇಲೆ ಮನೆಯಲ್ಲಿದ್ದ ಮೂರು ಥಾನಿನಿಂದಲೂ ನೂಲು ಎಳೆದು ದೀಪಕ್ಕೆ ಹಿಡಿದೆ. ಎರಡು ಬೂದಿಯಾದವು. ಪಕ್ಕಾ ಕಾಟನ್ ಅಂತ ಅಂಗಡಿಯವರು ಕೊಟ್ಟಿದ್ದ ಮೂರನೆಯದು ಬೂದಿಯ ನಡುವೆ ಕರಿ ಗುಂಡು ಕಟ್ಟಿತು. ಇಷ್ಟು ದಿನ ಅದರ ಮೇಲೆ ಪ್ರಿಂಟ್ ನಿಲ್ಲುತ್ತಿಲ್ಲ ಅಂತ ಪ್ರಿಂಟಿನವರ ಜೊತೆ ಜಗಳ ಆಡಿದ್ದೇನೆ. ಲೇಸರಿನ ಕೊಟೇಶನ್ ಸದ್ಯಕ್ಕೆ ಬದಿಗಿಟ್ಟೆ. ಮಾಸ್ಟರ್, ಸೆಕೆಂಡ್ ಹ್ಯಾಂಡ್ ಸ್ಟ್ರೈಟ್ ನೈಫ್ ನೋಡಲು ಹೋದರೆ ಏನೇನು ನೋಡಬೇಕು?

ಪೀಣ್ಯ, ಕಟಿಂಗ್ ಮಾಸ್ಟರ್

ಅಡಿಯ ಪ್ಲೇಟು ಟೇಬಲ್ ಮೇಲೆ ತಡೆಯಿಲ್ಲದೆ ಜಾರಬೇಕು, ಓಡುವಾಗ ಬ್ಲೇಡ್ ಅಕ್ಕಪಕ್ಕ ಅಲುಗಬಾರದು. ನಿಮ್ಮದೇ ಬಟ್ಟೆ 50 ಮಡಿಕೆ ಹಾಸಿ ಕತ್ತರಿಸಿ ನೋಡಿ, ಮೇಲಿನ ಪೀಸೂ ಕೆಳಗಿನ ಪೀಸೂ ಒಂದೇ ಅಳತೆ ಬರಬೇಕು. ಸ್ಟೀಲ್ ಬಲೆಯ ಕೈಗವಸು ಮಾತ್ರ ಹೊಸದೇ ತಗೊಳ್ಳಿ ಅಕ್ಕಾ.