‘ಲೂರ್’ಗೆ ಕನ್ನಡದಲ್ಲಿ ಏನನ್ನೋಣ? ‘ಎರೆ’ ಸಾಲದು, ‘ದೀವ’ ಒಗ್ಗೀತೇ?

ಬಲ್ಲವರಿಗೆ ನಮಸ್ಕಾರ.

ಕಡಲಂಚಿನಲ್ಲಿ, ಅಳಿವೆಯಲ್ಲಿ ಗಾಳ ಹಾಕುವ ಬಗ್ಗೆ ಒಂದು ಸಣ್ಣ ಕೈಪಿಡಿಯನ್ನು ಕನ್ನಡದಲ್ಲಿ ಸಿದ್ಧ ಮಾಡುತ್ತಿದ್ದೇನೆ. ಓದುವವರು ಹೆಚ್ಚಾಗಿ ಬೆಂಗಳೂರಿನ ಹುಡುಗರು. ಶುಕ್ರವಾರ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಕುಂದಾಪುರದ ಬಸ್ಸು ಹತ್ತಿ, ಬೆಳಗಾದರೆ ಗಂಗೊಳ್ಳಿ, ಕೋಡಿಬೇಂಗ್ರೆ ಕಡೆ ನೀರಿನ ಬದಿ ನಿಲ್ಲುವವರು. ಜೀವಂತ ಸಿಗಡಿಯನ್ನಾಗಲಿ ಮರಿಮೀನನ್ನಾಗಲಿ ಗಾಳಕ್ಕೆ ಚುಚ್ಚುವುದಿಲ್ಲ. ಪ್ಲಾಸ್ಟಿಕ್ಕಿನದೋ ರಬ್ಬರಿನದೋ ತಗಡಿನದೋ ಒಂದು ಹುಸಿ ಮೀನನ್ನು ತಂಗೂಸಿಗೆ, ಅಂದರೆ ಗಾಳದ ನೈಲಾನ್ ದಾರಕ್ಕೆ, ಕಟ್ಟಿ ಬೀಸುತ್ತಾರೆ. ಅದು ಅವರ ಬಾಯಲ್ಲಿ ‘ಲೂರ್’. ಪುಟಕ್ಕೆ ಹತ್ತು ಸಲ ಬರುವ ಪದ. ಹಾಗೇ ಉಳಿಸಿದರೆ ಆಕಾಶವೇನೂ ಬೀಳುವುದಿಲ್ಲ, ಆದರೂ ಹುಡುಕದೆ ಬಿಡಲು ಮನಸ್ಸಿಲ್ಲ.

ಮೊದಲು ಕೈಗೆ ಸಿಗುವುದು ‘ಎರೆ’. ಗಾಳಕ್ಕೆ ಸಿಕ್ಕಿಸುವ ತಿನಿಸಿಗೆ ಇದಕ್ಕಿಂತ ಅಚ್ಚುಕಟ್ಟಾದ ಪದವಿಲ್ಲ. ತಮಿಳಿನ ಇರೈ, ಮಲಯಾಳದ ಇರ, ತೆಲುಗಿನ ಎರ ಎಲ್ಲ ಇದರ ಒಡಹುಟ್ಟುಗಳೇ. ಆದರೆ ನಮ್ಮೂರಲ್ಲಿ ಈಗ ಎರೆ ಅಂದರೆ ನರ್ಸರಿಯಲ್ಲಿ ಚೀಲಗಟ್ಟಲೆ ಸಿಗುವ ಎರೆಗೊಬ್ಬರ. ‘ಕೃತಕ ಎರೆ’ ಎಂದು ಬರೆದು ಗೆಳೆಯನಿಗೆ ತೋರಿಸಿದರೆ, “ಇದನ್ನ ಕುಂಡಕ್ಕೆ ಎಷ್ಟು ಹಾಕ್ಬೇಕು?” ಅಂದ.

ತಮಾಷೆ ಬಿಡಿ, ನಿಜವಾದ ತೊಡಕು ಬೇರೆ ಇದೆ. ಎರೆ ಎಂದರೆ ತಿನ್ನುವ ವಸ್ತು. ವಾಸನೆಯಿಂದ, ರುಚಿಯಿಂದ ಮೀನನ್ನು ಕರೆಯುತ್ತದೆ. ಹಾಕಿದವನು ದಡದಲ್ಲಿ ಬೀಡಿ ಸೇದುತ್ತ ಕೂತರೂ ಅದರ ಕೆಲಸ ಅದು ಮಾಡುತ್ತದೆ. ಮೀನು ನಿಧಾನಕ್ಕೆ ನುಂಗುವುದರಿಂದ ಎಷ್ಟೋ ಸಲ ಗಾಳ ಹೊಟ್ಟೆಯವರೆಗೆ ಇಳಿದಿರುತ್ತದೆ. ಲೂರ್ ಹಾಗಲ್ಲ. ನೀರಲ್ಲಿ ಸುಮ್ಮನೆ ಬಿಟ್ಟರೆ ಅದು ಬರೀ ಪ್ಲಾಸ್ಟಿಕ್ಕು. ನನ್ನ ಮೇಜಿನ ಮೇಲೆ ಒಂದಿದೆ, ಕಿರುಬೆರಳಿನುದ್ದ. ಮೂತಿಯ ಕೆಳಗೆ ಉಗುರಿನಷ್ಟು ಪಾರದರ್ಶಕ ತುಟಿ. ಎಳೆದಾಗ ನೀರು ಈ ತುಟಿಗೆ ಒತ್ತಿ ಮೂತಿಯನ್ನು ಕೆಳಗಿಳಿಸುತ್ತದೆ, ಮೈ ಅತ್ತಿತ್ತ ಕುಲುಕುತ್ತದೆ. ಎಳೆಯುವುದು ನಿಲ್ಲಿಸಿದರೆ ಮೇಲಕ್ಕೆ ತೇಲುತ್ತದೆ. ಹೊಟ್ಟೆಯಲ್ಲಿ ಉಕ್ಕಿನ ಗುಂಡುಗಳು, ಅಲ್ಲಾಡಿಸಿದರೆ ಗಲಗಲ. ಇನ್ನೊಂದು ಜಾತಿ ‘ಪಾಪರ್’: ಮೂತಿ ಬಟ್ಟಲಿನ ಹಾಗೆ ಒಳಕ್ಕೆ ತಗ್ಗಾಗಿದ್ದು, ಜಗ್ಗಿದ ಕೂಡಲೇ ಮೇಲ್ನೀರನ್ನು ಗುಳುಕ್ಕೆಂದು ಎರಚುತ್ತದೆ. ಕಾಂಡ್ಲಾ (ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಗಿಡ) ಬೇರಿನ ಸಂದಿಯಲ್ಲೋ ಕಲ್ಲಿನ ಮರೆಯಲ್ಲೋ ಹೊಂಚಿರುವ ಕೆಂಬೇರಿ, ಮುರುಮೀನುಗಳು ಹಸಿವಿಗಷ್ಟೇ ಅಲ್ಲ, ಕಣ್ಣೆದುರು ಓಡಿದ್ದನ್ನು ಬಿಡಬಾರದೆಂದೂ ಮೇಲೆರಗುತ್ತವೆ. ಬಾಯಿಗೆ ಹೋದದ್ದು ತಿನಿಸಲ್ಲ ಎಂದು ಗೊತ್ತಾದರೆ ಕ್ಷಣದಲ್ಲಿ ಉಗುಳಿಬಿಡುತ್ತವೆ. ಆದ್ದರಿಂದಲೇ ಹುಡುಗರು ಇಲ್ಲಿ ‘ಮೀನು ಕಚ್ಚಿತು’ ಅನ್ನುವುದಿಲ್ಲ, ‘ಹೊಡೀತು’ ಅನ್ನುತ್ತಾರೆ. ಕೈಪಿಡಿಯಲ್ಲೂ ಹಾಗೇ ಇಟ್ಟುಕೊಂಡಿದ್ದೇನೆ.

‘ಆಮಿಷ’ ಬೇಡವೆಂದು ಬಿಟ್ಟೆ. ಮೂಲದಲ್ಲಿ ಅದು ಮಾಂಸ. ಪ್ಲಾಸ್ಟಿಕ್ ಮೀನು ಅಕ್ಷರಶಃ ನಿರಾಮಿಷ! ಮೇಲಾಗಿ ಚುನಾವಣೆ ಸುದ್ದಿಗಳಲ್ಲಿ ಸೀರೆ, ಕುಕ್ಕರುಗಳ ಜೊತೆ ಓಡಾಡಿ ಅದು ಬೇರೆಯೇ ವಾಸನೆ ಹಚ್ಚಿಕೊಂಡಿದೆ.

ಕ್ರಿಯಾಪದದ ವಿಷಯದಲ್ಲಿ ನನಗೆ ಸಂಶಯವಿಲ್ಲ: ‘ಆಡಿಸು’. ಗಂಗೊಳ್ಳಿ ಹಿನ್ನೀರಿನ ನಡುವೆಯೇ ಉಪ್ಪಿನಕುದ್ರು ಇದೆ, ಯಕ್ಷಗಾನ ಸೂತ್ರದ ಬೊಂಬೆಗೆ ಹೆಸರಾದ ಊರು. ದಾರದ ತುದಿಯ ಜಡವಸ್ತುವಿಗೆ ಕೈಚಳಕದಿಂದ ಜೀವ ಬರಿಸುವ ಕೆಲಸ ಅಲ್ಲೂ ಅದೇ, ಇಲ್ಲೂ ಅದೇ. ‘ಲೂರ್ ಆಡಿಸುವುದು’ ಅಂದರೆ ಯಾರಿಗೂ ವಿವರಿಸಬೇಕಾಗಿಲ್ಲ.

ನಾಮಪದಕ್ಕೆ ನನ್ನ ಮನಸ್ಸು ವಾಲಿರುವುದು ಹಳಗನ್ನಡದ ‘ದೀವ’ದ ಕಡೆ. ಬೇಟೆಗಾರರು ಪಳಗಿಸಿದ ಜಿಂಕೆಯನ್ನೋ ಹಕ್ಕಿಯನ್ನೋ ಮುಂದೆ ಬಿಟ್ಟು ಕಾಡಿನವನ್ನು ಸೆಳೆಯುತ್ತಿದ್ದರಲ್ಲ, ಆ ಪ್ರಾಣಿಯೇ ದೀವ. ತಮಿಳಿನ ತೀವಕಂ, ತೆಲುಗಿನ ದೀಮಮು ಇದರ ಬಂಧುಗಳು. ತಿನ್ನಿಸಿ ಹಿಡಿಯುವುದಲ್ಲ, ತೋರಿಸಿ ಹಿಡಿಯುವುದು. ನಮಗೆ ಬೇಕಾದ ವ್ಯತ್ಯಾಸ ಅಲ್ಲಿ ಆಗಲೇ ಇದೆ. ಬರಬಹುದಾದ ಆಕ್ಷೇಪ ಎರಡು. ದೀವಕ್ಕೆ ಜೀವವಿತ್ತು, ಇದಕ್ಕಿಲ್ಲ. ಮತ್ತೆ, ಮಲೆನಾಡಿನಲ್ಲಿ ದೀವರು ಎಂಬ ಸಮುದಾಯವಿದೆ, ‘ದೀವ ಕಟ್ಟಿದೆ’, ‘ದೀವ ಬಿಸಾಡಿದೆ’ ಅಂತೆಲ್ಲ ಬರೆದರೆ ಅವರಿಗೆ ಇರುಸುಮುರುಸಾದೀತು. ಮೊದಲನೆಯದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡನೆಯದಕ್ಕೆ ಸಾಗರ, ಸೊರಬದ ಕಡೆಯವರು ಏನನ್ನುತ್ತಾರೋ ಕೇಳಬೇಕು.

‘ಬೆದರುಬೊಂಬೆ’ಯ ಅಚ್ಚಿನಲ್ಲಿ ‘ಸೆಳೆಬೊಂಬೆ’ ಎಂದೂ ಒಂದನ್ನು ಕಟ್ಟಿನೋಡಿದೆ. ಕಾಗದದ ಮೇಲೆ ಚೆಂದ. ನೀರಿನ ಬದಿ ನಿಂತು ಯಾರೂ ಅದನ್ನು ಬಾಯಿಬಿಟ್ಟು ಹೇಳರು. ಅಲ್ಲಿನ ಹಿರಿಯರು ಹುಡುಗರ ಡಬ್ಬಿ ನೋಡಿ ‘ರಬ್ಬರ್ ಚಟ್ಲಿ’ (ಚಟ್ಲಿ ಅಂದರೆ ಸಿಗಡಿ) ಎಂದು ನಗುತ್ತಾರಂತೆ, ಅದು ಎಷ್ಟೋ ವಾಸಿ.

ಇನ್ನೊಂದು ಚಿಕ್ಕ ವಿಷಯ: ‘ಆಳಸಮುದ್ರ ಮೀನುಗಾರಿಕೆ’ಗೆ ಎದುರಾಗಿ ದಡದ ಹತ್ತಿರದ್ದಕ್ಕೆ ‘ದಡಮೀನುಗಾರಿಕೆ’ ಎಂದು ಹಾಕಿದ್ದೇನೆ. ಒಪ್ಪದಿದ್ದರೆ ಹೇಳಿ.

ಮುಖ್ಯವಾಗಿ ಕೇಳಬೇಕಿರುವುದು ಕರಾವಳಿಯವರನ್ನು. ಈ ಅಂಗಡಿ ಸಾಮಾನು ಬರುವ ಮೊದಲೂ ಗಾಳಕ್ಕೆ ಕೋಳಿಗರಿ, ಮಿನುಗುವ ತಗಡಿನ ಚೂರು, ಬಿಳಿ ಬಟ್ಟೆಯ ಎಳೆ ಹೀಗೆ ಏನಾದರೂ ಕಟ್ಟಿ, ಎರೆಯಿಲ್ಲದೆ ಮೀನು ಹಿಡಿಯುವ ರೂಢಿ ನಿಮ್ಮ ಕಡೆ ಇತ್ತೇ? ಇದ್ದರೆ ಆ ಕಟ್ಟಿದ ವಸ್ತುವಿಗೆ ಮನೆಯಲ್ಲಿ, ದೋಣಿಯಲ್ಲಿ ಏನೆನ್ನುತ್ತಿದ್ದರು? ಕುಂದಾಪ್ರ ಕನ್ನಡವಾಗಲಿ, ತುಳುವಾಗಲಿ, ಕೊಂಕಣಿಯಾಗಲಿ ನಡೆಯುತ್ತದೆ. ಅಂಥದ್ದೊಂದು ಪದ ಸಿಕ್ಕಿದರೆ ದೀವವನ್ನು ಹಳಗನ್ನಡಕ್ಕೇ ಬಿಟ್ಟುಕೊಡಲು ನಾನು ತಯಾರು.